ದಿವಾಳಿ ಏಳದ ಊರುಗಳು

ಅಮೆರಿಕದ ಡೆಟ್ರಾಯ್ಟ್ ನಗರ 2013ರ ಜುಲೈನಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲ ಹೊತ್ತು ದಿವಾಳಿ ಅರ್ಜಿ ಹಾಕಿತು. ನಿವೃತ್ತ ನೌಕರರ ಪಿಂಚಣಿಗೂ ಕತ್ತರಿ ಬಿತ್ತು. ಕೊಳ್ಳೇಗಾಲದ ನಗರಸಭೆಯಾಗಲಿ, ಹನೂರು, ಯಳಂದೂರಿನ ಪಟ್ಟಣ ಪಂಚಾಯಿತಿಗಳಾಗಲಿ ಹಾಗೆ ಕೈ ಎತ್ತುವಂತಿಲ್ಲ. ನಮ್ಮ 2016ರ ದಿವಾಳಿ ಸಂಹಿತೆ ಇರುವುದು ಕಂಪನಿ, ಪಾಲುದಾರಿಕೆ ಸಂಸ್ಥೆ, ವ್ಯಕ್ತಿಗಳಿಗೆ. ಹಾಗಾದರೆ ಕಾಸಿಲ್ಲದ ಪುರಸಭೆಯನ್ನು ಕಾನೂನು ಇಷ್ಟು ಕಾಲ ಏನು ಮಾಡುತ್ತ ಬಂದಿದೆ?

ಬ್ರಿಟಿಷರು ಮೊದಲು ನೋಡಿಕೊಂಡದ್ದು ಸಾಲ ಕೊಟ್ಟವರ ಹಿತ. ಸ್ಥಳೀಯ ಸಂಸ್ಥೆ ಸಾಲ ತೀರಿಸದಿದ್ದರೆ ಅದರ ನಿಧಿಯನ್ನೇ ಜಪ್ತಿ ಮಾಡಬಹುದೆಂದಿತು 1914ರ ಕಾಯ್ದೆ. ಆಗ ಕೊಳ್ಳೇಗಾಲ, ಅದರೊಳಗಿನ ಹನೂರು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿದ್ದ ಯಳಂದೂರು ಮೈಸೂರು ಸೀಮೆಯದು. 1956ರ ನವೆಂಬರ್‌ನಲ್ಲಿ ಎಲ್ಲ ಒಂದೇ ರಾಜ್ಯವಾದರೂ ಮದ್ರಾಸಿನ 1920ರ ಪುರಸಭಾ ಕಾಯ್ದೆ ತೊಲಗಿದ್ದು 1964ರ ಪೌರಸಭೆಗಳ ಅಧಿನಿಯಮ ಬಂದಾಗ. (ಹಳೆಯ ಕಾನೂನು ಪುಸ್ತಕಗಳಲ್ಲಿ ‘ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ’ ಎಂಬ ವಿಚಿತ್ರ ಜೋಡಿ ಇನ್ನೂ ಸಿಗುತ್ತದೆ.) ಹೊಸ ಕಾಯ್ದೆಯ ಮದ್ದು ಬೇರೆ: ಕರ್ತವ್ಯ ಮಾಡದ ಕೌನ್ಸಿಲನ್ನು ತೆಗೆದು ಆಡಳಿತಾಧಿಕಾರಿಯನ್ನು ಕೂರಿಸು. ಸದಸ್ಯರು ಮನೆಗೆ ಹೋದರು, ಬಾಕಿ ಮಾತ್ರ ಅಲ್ಲೇ ಉಳಿಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಬರ್ಖಾಸ್ತಾದ ಆರು ತಿಂಗಳೊಳಗೆ ಚುನಾವಣೆ ಮುಗಿಸಬೇಕೆಂದಿತು, ಅಷ್ಟೆ.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು 1979. ಊರ ಗಡಿಯಲ್ಲಿ ಲಾರಿ ನಿಲ್ಲಿಸಿ ವಸೂಲಿ ಮಾಡುತ್ತಿದ್ದ ಆಕ್ಟ್ರಾಯ್ ಆ ವರ್ಷ ರಾಜ್ಯದಲ್ಲಿ ರದ್ದಾಯಿತು. ವ್ಯಾಪಾರಿಗಳು ಉಸಿರಾಡಿದರು. ಪುರಸಭೆಗಳಿಗೆ ದಿನಾ ಕೈಗೆ ಬರುತ್ತಿದ್ದ ಸ್ವಂತ ದುಡ್ಡು ಹೋಗಿ, ಬೆಂಗಳೂರಿನಿಂದ ಬರುವ ಪರಿಹಾರಕ್ಕೆ ಕಾಯುವ ಅಭ್ಯಾಸ ಬಂತು. ಮರುವರ್ಷವೇ, ಚರಂಡಿ ಕಟ್ಟಿಸಲು ಹಣವಿಲ್ಲವೆಂದ ಮಧ್ಯಪ್ರದೇಶದ ರತ್ಲಾಮ್ ಪುರಸಭೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬಿಸಿ ಮುಟ್ಟಿಸಿದರು: ಹಣವಿಲ್ಲ ಎಂಬುದು ನೆಪವಾಗದು. ನಮ್ಮ ಪುರಸಭೆಗಳಿಗೆ ಇದು ಕೈಯಿಂದ ಗಂಟು ಕಿತ್ತುಕೊಂಡ ಮೇಲೆ ಬಂದ ಆಜ್ಞೆ.

ದೊಡ್ಡ ನಗರಗಳು ಸಾಲದ ದಾರಿ ಹಿಡಿದವು. ಬೆಂಗಳೂರು ಪಾಲಿಕೆ 1997ರಲ್ಲಿ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್ ತಂದಿತು, ದೇಶದಲ್ಲೇ ಮೊದಲು. ಮುಂದೆ ಕೇಂದ್ರದ ಸಾಲ ಸಂಸ್ಥೆ ಹುಡ್ಕೊದ ಸಾಲಕ್ಕೆ ಮೇಯೋ ಹಾಲ್, ಕೆ.ಆರ್. ಮಾರುಕಟ್ಟೆಗಳನ್ನೇ ಅಡವಿಟ್ಟಿತು. ಯಳಂದೂರಿನಂಥ ಪಟ್ಟಣ ಅಡವಿಡುವುದಾದರೂ ಏನನ್ನು? ಬಾಂಡ್ ಕೊಳ್ಳುವವರಾದರೂ ಯಾರು?

ಇಲ್ಲಿ ಮನೆ ಕಂದಾಯ, ನೀರಿನ ತೆರಿಗೆ, ಮಳಿಗೆ ಬಾಡಿಗೆ ಬಿಟ್ಟರೆ ಉಳಿದದ್ದು ಹೆಚ್ಚಾಗಿ ರಾಜ್ಯ ಹಣಕಾಸು ಆಯೋಗ (ಎಸ್‌ಎಫ್‌ಸಿ) ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನ. ಅದರಲ್ಲೂ ಬೀದಿದೀಪ, ಪಂಪುಗಳ ವಿದ್ಯುತ್ ಬಿಲ್ಲಿಗೆಂದೇ ಒಂದು ಪಾಲು ಮೀಸಲು. 15ನೇ ಆಯೋಗ ಇಂಥ ಊರುಗಳಿಗೆ ಕೊಟ್ಟದ್ದರಲ್ಲಿ ಶೇ. 60 ನೀರು-ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣ. ಇಷ್ಟರಲ್ಲಿ ಒಂದು ಕಂತು ತಡವಾದರೂ ಯಾರೂ ದಿವಾಳಿ ಎನ್ನುವುದಿಲ್ಲ. ಗುತ್ತಿಗೆದಾರನ ಬಿಲ್ ನಿಲ್ಲುತ್ತದೆ, ಬೀದಿದೀಪ ಕೆಟ್ಟೇ ಇರುತ್ತದೆ.

ಮುಂದಿನ ಸಲ ಕಂದಾಯ ಕಟ್ಟಲು ಹೋದಾಗ ನಿಮ್ಮೂರಿನ ಆಯವ್ಯಯದ ಪ್ರತಿ ಕೇಳಿ. ಸ್ವಂತ ವರಮಾನ ಎಷ್ಟು, ಅನುದಾನ ಎಷ್ಟು ಎಂಬ ಎರಡು ಸಾಲು ಓದಿದರೆ ಸಾಕು.