ಪಾಠದ ಜಗಲಿಗೆ ಪೇಟೆಂಟ್

ಆಸ್ಟ್ರೇಲಿಯಾದ ಒಳನಾಡಿನಲ್ಲಿ ಒಂದು ಮನೆಗೂ ಪಕ್ಕದ ಮನೆಗೂ ನಡುವೆ ಹತ್ತಾರು ಮೈಲಿ ಬರೀ ಕೆಂಪು ಮಣ್ಣು. ಅಲ್ಲಿನ ಮಕ್ಕಳು ದಿನಾ ನಡೆದು ಹೋಗಬಹುದಾದ ಶಾಲೆಯೇ ಇರಲಿಲ್ಲ. ವಿಮಾನದಲ್ಲಿ ಹಾರಿ ಬರುವ ವೈದ್ಯರನ್ನು ಕರೆಯಲೆಂದು ಆ ಮನೆಗಳಲ್ಲಿ ರೇಡಿಯೋ ಇಟ್ಟಿದ್ದರು. ಅದೇ ಜಾಲವನ್ನು ಬಳಸಿ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ 'ಸ್ಕೂಲ್ ಆಫ್ ದಿ ಏರ್' ಶುರುವಾಯಿತು. ಅದು ನಮ್ಮ ಆಕಾಶವಾಣಿಯ ಪಾಠದಂತೆ ಒಮ್ಮುಖವಲ್ಲ. ಮೇಷ್ಟ್ರು ಕೇಳುತ್ತಿದ್ದರು, ಎಲ್ಲೋ ದೂರದ ದನದ ಫಾರ್ಮಿನಲ್ಲಿ ಕೂತ ಮಗು ಗುಂಡಿ ಒತ್ತಿ ಉತ್ತರಿಸುತ್ತಿತ್ತು. ಅದರ ಉತ್ತರವನ್ನು ಬೇರೆ ಮಕ್ಕಳೂ ಕೇಳಿಸಿಕೊಳ್ಳುತ್ತಿದ್ದರು.

ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಬೆಳೆದ ಮಾರ್ಟಿನ್ ಡೂಗಿಯಾಮಾಸ್ ಎಳವೆಯಲ್ಲಿ ಹೀಗೆ ರೇಡಿಯೋದಲ್ಲೇ ಓದಿದವರು. ಪಾಠದ ಹಾಳೆಗಳು ಅವರಿಗೆ ವಿಮಾನದಲ್ಲಿ ಬರುತ್ತಿದ್ದವು. ಮುಂದೆ 1990ರ ದಶಕದಲ್ಲಿ ಅವರು ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ ಎಂಬ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಧ್ಯಾಪಕರು ಟಿಪ್ಪಣಿ, ಪ್ರಶ್ನೆಪತ್ರಿಕೆ, ಚರ್ಚೆ ಎಲ್ಲವನ್ನೂ ಇಡುತ್ತಿದ್ದದ್ದು ಅದರಲ್ಲಿ. ವೆಬ್‌ಸಿಟಿ ಕೂಡ ಒಬ್ಬ ಮೇಷ್ಟ್ರ ಕೂಸೇ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮರೀ ಗೋಲ್ಡ್‌ಬರ್ಗ್ ಅದನ್ನು ಕಟ್ಟಿದ್ದರು. ಆದರೆ ಅಷ್ಟರಲ್ಲಿ ಅದು ಮಾರಾಟದ ಸರಕಾಗಿತ್ತು. ಒಳಗನ್ನು ತೆರೆದು ನೋಡುವ, ತಮಗೆ ಬೇಕಾದಂತೆ ತಿದ್ದುವ ಹಕ್ಕು ಬಳಸುವವರಿಗಿರಲಿಲ್ಲ.

ಬೇಸತ್ತ ಡೂಗಿಯಾಮಾಸ್ ತಾವೇ ಒಂದನ್ನು ಬರೆಯಲು ಕೂತರು. 2002ರ ಆಗಸ್ಟ್ 20ರಂದು ಅದರ ಮೊದಲ ಆವೃತ್ತಿ ಹೊರಬಂತು. ಹೆಸರು ಮೂಡಲ್. (ನಮ್ಮ ಮೂಡಲಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಆದರೂ ಕನ್ನಡದ ಕಿವಿಗೆ ಆ ಹೆಸರು ಹಿತವೆನಿಸದೆ ಇರದು.) ಅದನ್ನು ಅವರು ಜಿಪಿಎಲ್ ಪರವಾನಗಿಯಡಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ್ದನ್ನು ಹಂಚುವಾಗ ಮಾತ್ರ ಅದೇ ಹಕ್ಕುಗಳನ್ನು ಮುಂದಿನವರಿಗೂ ಕೊಡಬೇಕು. ಹಾಗೆಂದು ಖರ್ಚೇ ಇಲ್ಲವೆಂದಲ್ಲ. ಸರ್ವರ್ ಬೇಕು, ಅದನ್ನು ಬಲ್ಲ ಒಬ್ಬರು ಶಾಲೆಯಲ್ಲಿರಬೇಕು. 'ಪುಕ್ಕಟೆ' ಎಂದು ನಂಬಿ ಹೊರಟ ಶಾಲೆ ಮೊದಲು ಎಡವುವುದೇ ಇಲ್ಲಿ.

ಈ ಆಯ್ಕೆಯ ನಿಜವಾದ ಪರೀಕ್ಷೆ ಬಂದದ್ದು 2006ರಲ್ಲಿ. ಅಮೆರಿಕದ ಬ್ಲ್ಯಾಕ್‌ಬೋರ್ಡ್ ಕಂಪನಿ ಆ ವರ್ಷದ ಆರಂಭದಲ್ಲೇ ವೆಬ್‌ಸಿಟಿಯನ್ನು ತನ್ನೊಳಗೆ ಸೇರಿಸಿಕೊಂಡಿತ್ತು. ಜನವರಿಯಲ್ಲಿ ಅದಕ್ಕೆ 44 ಹಕ್ಕುಸಾಧನೆಗಳಿದ್ದ ಒಂದು ಪೇಟೆಂಟ್ ಸಿಕ್ಕಿತು. ಜುಲೈನಲ್ಲಿ ಆ ಸುದ್ದಿಯನ್ನು ಹೊರಹಾಕಿದ ಕಂಪನಿ ಕೆನಡಾದ ಡಿಸೈರ್‌ಟುಲರ್ನ್ ಎಂಬ ಸಣ್ಣ ಪ್ರತಿಸ್ಪರ್ಧಿಯ ಮೇಲೆ ಟೆಕ್ಸಾಸ್‌ನಲ್ಲಿ ಮೊಕದ್ದಮೆಯನ್ನೂ ಹೂಡಿತು. ಪೇಟೆಂಟಿನ ತಿರುಳಿನಲ್ಲಿದ್ದ ಒಂದು ಮಾತು ಇದು: ಕಂಪ್ಯೂಟರ್ ವ್ಯವಸ್ಥೆಯೊಂದಕ್ಕೆ ಒಂದೇ ಲಾಗಿನ್ನಿನಲ್ಲಿ ಬಂದ ವ್ಯಕ್ತಿ ಒಂದು ಕೋರ್ಸಿನಲ್ಲಿ ವಿದ್ಯಾರ್ಥಿಯೂ ಇನ್ನೊಂದರಲ್ಲಿ ಶಿಕ್ಷಕನೂ ಆಗಿರಬಹುದು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕೂಲಿಮಠಗಳು. ಜಗಲಿಯ ಮೇಲೆ ಅಯ್ಯನವರ ಮುಂದೆ ಶಿಷ್ಯನಾಗಿ ಕೂತ ದೊಡ್ಡ ಹುಡುಗನೇ ಇನ್ನೊಂದು ಗಳಿಗೆಗೆ ಚಿಕ್ಕವರಿಗೆ ಮರಳಿನ ಮೇಲೆ ಅಕ್ಷರ ತೀಡಿಸುವ ಗುರು. ದಕ್ಷಿಣ ಭಾರತದ ಶಾಲೆಗಳಲ್ಲಿ ಕಂಡ ಇಂಥ ರೂಢಿಯಿಂದಲೇ ಆಂಡ್ರ್ಯೂ ಬೆಲ್ 1790ರ ದಶಕದಲ್ಲಿ 'ಮದ್ರಾಸ್ ಪದ್ಧತಿ'ಯನ್ನು ರೂಪಿಸಿ ಇಂಗ್ಲೆಂಡಿಗೆ ಒಯ್ದದ್ದು. ಪೇಟೆಂಟ್ ಇದ್ದದ್ದು ಕಂಪ್ಯೂಟರಿನ ಏರ್ಪಾಟಿಗೆ, ಕಲಿಸುವ ರೂಢಿಗಲ್ಲ ಎಂದು ವಕೀಲರು ಹೇಳಿಯಾರು. ಒಪ್ಪೋಣ. ಆದರೆ ಮೂಡಲ್ ಆರಿಸಿಕೊಂಡಿದ್ದ ಶಾಲೆಗಳಿಗೆ ನಾಳೆ ನಮ್ಮ ಬಾಗಿಲಿಗೂ ನೋಟಿಸು ಬಂದೀತೇ ಎಂಬ ಭಯ ಹುಟ್ಟಿದ್ದಂತೂ ನಿಜ.

ಆಗ ನಡೆದದ್ದು ಅಪರೂಪದ ಸಂಗತಿ. ಪೇಟೆಂಟನ್ನು ಮುರಿಯಬೇಕಾದರೆ 'ಇದು ಮೊದಲೇ ಇತ್ತು' ಎಂದು ತೋರಿಸಬೇಕು. ಜಗತ್ತಿನ ಎಲ್ಲೆಲ್ಲಿಯೋ ಇದ್ದ ಮೇಷ್ಟ್ರುಗಳು, ಪ್ರೋಗ್ರಾಮರುಗಳು ತಮ್ಮ ಹಳೆಯ ಕಡತ ಕೆದಕಿ, ವಿಕಿಪೀಡಿಯದಲ್ಲಿ ಆನ್‌ಲೈನ್ ಕಲಿಕಾ ವ್ಯವಸ್ಥೆಗಳ ಚರಿತ್ರೆಯನ್ನು ವರ್ಷವಾರು ಬರೆಯತೊಡಗಿದರು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪ್ಲೇಟೋ ಅದರಲ್ಲಿ ಸೇರಿತು. ಸಣ್ಣ ಕಾಲೇಜುಗಳಲ್ಲಿ ಹುಟ್ಟಿ ಅಲ್ಲೇ ಸತ್ತ ಎಷ್ಟೋ ತಂತ್ರಾಂಶಗಳೂ ಸೇರಿದವು. ಯಾರೂ ದಾಖಲಿಸಬೇಕೆಂದು ಎಣಿಸದಿದ್ದ ಕೆಲಸ ಅದು. ಮೊಕದ್ದಮೆಯ ಭಯವಿಲ್ಲದಿದ್ದರೆ ಈ ಚರಿತ್ರೆಯನ್ನು ಇಷ್ಟು ಬೇಗ ಯಾರೂ ಬರೆಯುತ್ತಿರಲಿಲ್ಲವೇನೋ.

2007ರ ಫೆಬ್ರವರಿಯಲ್ಲಿ ಬ್ಲ್ಯಾಕ್‌ಬೋರ್ಡ್, ಮುಕ್ತ ತಂತ್ರಾಂಶಗಳ ಮೇಲೆ ಈ ಪೇಟೆಂಟನ್ನು ಬಳಸುವುದಿಲ್ಲವೆಂದು ಮಾತು ಕೊಟ್ಟಿತು. ಕೆನಡಾದ ಕಂಪನಿಯ ಮೇಲಿನ ವ್ಯಾಜ್ಯ ಮಾತ್ರ ನಿಲ್ಲಲಿಲ್ಲ. 2008ರಲ್ಲಿ ಟೆಕ್ಸಾಸ್‌ನ ಜ್ಯೂರಿ ಬ್ಲ್ಯಾಕ್‌ಬೋರ್ಡ್ ಪರ ನಿಂತು ಸುಮಾರು 31 ಲಕ್ಷ ಡಾಲರ್ ಪರಿಹಾರ ಕೊಡಿಸಿತು. 2009ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಜ್ಯೂರಿ ಎತ್ತಿಹಿಡಿದಿದ್ದ ಹಕ್ಕುಗಳನ್ನು ಕೊನೆಗೆ ಬೀಳಿಸಿದ ಪುರಾವೆಗಳಲ್ಲಿ ಒಂದು ಕೋರ್ಸ್‌ಇನ್ಫೋ 1.5. ಅದು ಬ್ಲ್ಯಾಕ್‌ಬೋರ್ಡ್‌ನ ಸ್ವಂತ ವಂಶದ್ದೇ ಹಳೆಯ ತಂತ್ರಾಂಶ! ಅಜ್ಜನೇ ಮೊಮ್ಮಗನ ವಿರುದ್ಧ ಸಾಕ್ಷಿ ಹೇಳಿದಂತಾಯಿತು. ವರ್ಷದ ಕೊನೆಗೆ ಎರಡೂ ಕಂಪನಿಗಳು ರಾಜಿ ಮಾಡಿಕೊಂಡವು.

2012ರಲ್ಲಿ ಅದೇ ಬ್ಲ್ಯಾಕ್‌ಬೋರ್ಡ್, ಮೂಡಲ್ ಸೇವೆ ಒದಗಿಸುತ್ತಿದ್ದ ಮೂಡಲ್‌ರೂಮ್ಸ್ ಮತ್ತು ನೆಟ್‌ಸ್ಪಾಟ್ ಎಂಬೆರಡು ಕಂಪನಿಗಳನ್ನು ಕೊಂಡುಕೊಂಡಿತು. ಹಳೆಯ ಭಯ ಮತ್ತೆ ಎದ್ದಿತು. ಆದರೆ ಅದು ಕೊಂಡದ್ದು ಸೇವೆ ಕೊಡುವ ಅಂಗಡಿಗಳನ್ನು. 2002ರ ಪರವಾನಗಿ ಹಾಗೆಯೇ ಇತ್ತು. ಅಂಗಡಿ ಬೇಡವೆನಿಸಿದ ಶಾಲೆ ತನ್ನ ಪಾಠಗಳ ಪ್ರತಿ ತೆಗೆದುಕೊಂಡು, ಇನ್ನೊಂದು ಸರ್ವರಿನಲ್ಲಿ ಅದೇ ಮೂಡಲ್ ಹಾಕಿಕೊಂಡು, ಸೋಮವಾರದ ತರಗತಿಯನ್ನು ಅಲ್ಲಿಂದ ನಡೆಸಬಹುದಿತ್ತು.