ಇಂಗಾಲದ ಬೆಲೆ ಮತ್ತು ಬಿದ್ರಿಯ ಕಬ್ಬಿನ ಸಿಪ್ಪೆ

ಇಂಗಾಲದ ಬೆಲೆ ಎಂದರೆ ಹೊಗೆ ಬಿಡುವವರೇ ಅದರ ಹಾನಿಗೆ ಹಣ ತೆರುವಂತೆ ಮಾಡುವ ತೆರಿಗೆ ಅಥವಾ ಮಾರುಕಟ್ಟೆ ವ್ಯವಸ್ಥೆ. ಭಾರತ 2010ರಲ್ಲಿ ಕಲ್ಲಿದ್ದಲಿನ ಟನ್ನಿಗೆ 50 ರೂಪಾಯಿ ಸೆಸ್ ವಿಧಿಸಿ, 2016ರಲ್ಲಿ 400ಕ್ಕೆ ಏರಿಸಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಹಣ ಶುದ್ಧ ಇಂಧನದ ಬದಲು ರಾಜ್ಯಗಳ ತೆರಿಗೆ ನಷ್ಟದ ಪರಿಹಾರಕ್ಕೆ ತಿರುಗಿದ್ದು ದೊಡ್ಡ ಹಿನ್ನಡೆ.

ಕೊಲ್ಲಾಪುರ ಜಿಲ್ಲೆಯ ಬಿದ್ರಿಯಲ್ಲಿರುವ ದೂಧಗಂಗಾ-ವೇದಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆ ಲೆಕ್ಕವೇ ಬೇರೆ. ಕಬ್ಬು ನುರಿಸಿದ ಮೇಲೆ ಉಳಿಯುವ, ಸುಮಾರು ಅರ್ಧದಷ್ಟು ನೀರಿನಂಶವಿರುವ ಸಿಪ್ಪೆಯೇ ಬಾಯ್ಲರಿಗೆ ಉರುವಲು. ಅದರಲ್ಲಿರುವ ಇಂಗಾಲ ಬೆಳೆಯೇ ಗಾಳಿಯಿಂದ ಹೀರಿದ್ದು. ಹೀಗಾಗಿ ಕ್ಯೋಟೊ ಹವಾಮಾನ ಒಪ್ಪಂದದಡಿ ಸಿಪ್ಪೆಯಿಂದ ವಿದ್ಯುತ್ ತಯಾರಿಸುವ ಘಟಕಗಳು ಕಾರ್ಬನ್ ಕ್ರೆಡಿಟ್, ಅಂದರೆ ತಗ್ಗಿಸಿದ ಹೊಗೆಯ ಲೆಕ್ಕಕ್ಕೆ ಸಿಗುವ ಪತ್ರ, ಮಾರಬಹುದಿತ್ತು; ಆ ಆದಾಯದಲ್ಲಿ ಕಬ್ಬು ಬೆಳೆದವರ ಪಾಲು ನಿಗದಿಯಾಗದಿದ್ದದ್ದು ಅನ್ಯಾಯ. 2012ರ ಹೊತ್ತಿಗೆ ಕ್ರೆಡಿಟ್ ದರ ಕುಸಿಯಿತು. 2023ರಲ್ಲಿ ಕೇಂದ್ರ ಸರ್ಕಾರ ದೇಶೀಯ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಪ್ರಕಟಿಸಿತು.