ಮೀನುದೋಣಿಯ ಚುಕ್ಕಾಣಿ ಮತ್ತು ಅದರ ಗಣಿತ

'ಚುಕ್ಕಾಣಿ' ಎಂಬುದು ಅಚ್ಚಗನ್ನಡದ ಮಾತಲ್ಲ. ಅರಬ್ಬಿಯ 'ಸುಕ್ಕಾನ್' ಕಡಲ ವ್ಯಾಪಾರದ ಜತೆಯಲ್ಲಿ ಪಡುವಣ ಕರಾವಳಿಗೆ ಬಂದು, ಮರಾಠಿಯಲ್ಲಿ 'ಸುಕಾಣು' ಆಯಿತು, ನಮ್ಮಲ್ಲಿ ಚುಕ್ಕಾಣಿಯಾಯಿತು. ಹುಟ್ಟು ಮಾತ್ರ ನಮ್ಮದೇ. ಈ ಭೇದಕ್ಕೆ ಅರ್ಥವುಂಟು. ಸರಕು ಸಾಗಿಸುವ ಮಂಜಿಗಳಿಗೆ ಚುಕ್ಕಾಣಿ ಬೇಕಾಗಿತ್ತು. ದಡದ ಹತ್ತಿರ ಬಲೆ ಬಿಡುವ ಸಣ್ಣ ದೋಣಿಗೆ ಹಿಂಬದಿಯವನ ಹುಟ್ಟೇ ಸಾಕಾಗಿತ್ತು. ದೋಣಿ ಎಷ್ಟು ಬೇಗ ಹೊರಳೀತು, ಹೊರಳಿದ್ದು ಎಲ್ಲಿ ನಿಂತೀತು ಎಂಬುದಕ್ಕೆ ಉತ್ತರ ಅವನ ತೋಳಿನಲ್ಲಿದ್ದಿತು. ಅದನ್ನು ಮುಂಗಡವಾಗಿ ಗಣಿಸುವ ಅಗತ್ಯ ಯಾರಿಗೂ ತೋರಲಿಲ್ಲ.

ಎಂಜಿನು ಬಂದ ಮೇಲೆ ಈ ಸ್ಥಿತಿ ಉಳಿಯಲಿಲ್ಲ. 1952ರಲ್ಲಿ ವಿಶ್ವಸಂಸ್ಥೆ, ನಾರ್ವೆ, ಭಾರತ ಈ ಮೂವರ ಒಪ್ಪಂದದಿಂದ ಹುಟ್ಟಿದ ಯೋಜನೆ ಕೊಲ್ಲಂ ಬಳಿಯ ನೀಂಡಕರೆಯಲ್ಲಿ ಮೊದಲಾಗಿ, ಮುಂದಿನ ದಶಕದಲ್ಲಿ ಕಾರವಾರಕ್ಕೂ ಬಂದಿತು. ನಾಡದೋಣಿಗೆ ಎಂಜಿನು ಕೂಡಿಸುವ ಯತ್ನ ಫಲಿಸದೆ ಹೊಸ ಒಡಲನ್ನೇ ರಚಿಸಬೇಕಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೌಕಾಶಿಲ್ಪಿ ಪಾಲ್ ಜೀನರ್ ಅದೇ ಕಾಲದಲ್ಲಿ ಭಾರತಕ್ಕಾಗಿ ದೋಣಿಗಳ ನಕ್ಷೆ ತಯಾರಿಸಿದರು. 1957ರಲ್ಲಿ ಕೊಚ್ಚಿಯಲ್ಲಿ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸ್ಥಾಪಿತವಾಯಿತು. ಬಡಗಿಯ ಕಣ್ಣಳತೆಯಲ್ಲಿದ್ದ ದೋಣಿ ಹೀಗೆ ಕಾಗದಕ್ಕೆ ಇಳಿಯಿತು.

ಆದರೆ ಕಾಗದವು ಮೊದಲು ಕೇಳಿದ್ದು ವೇಗವನ್ನು, ತಿರುಗುವಿಕೆಯನ್ನಲ್ಲ. ಇದು ನಮ್ಮ ದೋಷವೇನೂ ಅಲ್ಲ. ಇಂಗ್ಲೆಂಡಿನ ವಿಲಿಯಂ ಫ್ರೌಡ್ 1872ರ ವೇಳೆಗೆ ಟಾರ್ಕಿಯಲ್ಲಿ ನೀರಿನ ತೊಟ್ಟಿ ಕಟ್ಟಿ ಪ್ರತಿಕೃತಿಗಳನ್ನು ಎಳೆದು ನೋಡಿದ್ದೂ ನೀರಿನ ತಡೆಯನ್ನು ಅಳೆಯಲಿಕ್ಕಾಗಿಯೇ. ಕಲ್ಲಿದ್ದಲಿನ ಖರ್ಚು ಎಲ್ಲರಿಗೂ ಕಾಣುವಂಥದು. ತಿರುಗುವಿಕೆಯ ಶಾಸ್ತ್ರಕ್ಕೆ ದೃಢವಾದ ತಳಹದಿ ದೊರೆತುದು 1946ರಲ್ಲಿ, ಅಮೆರಿಕದ ಡೇವಿಡ್‌ಸನ್ ಮತ್ತು ಷಿಫ್ ಅವರ ಪ್ರಬಂಧದಿಂದ. 1957ರಲ್ಲಿ ಜಪಾನಿನ ನೊಮೊಟೊ ಇಡೀ ವಿಷಯವನ್ನು ಎರಡು ಸಂಖ್ಯೆಗಳಿಗೆ ಇಳಿಸಿದರು. ಚುಕ್ಕಾಣಿಯನ್ನು ಇಷ್ಟು ಅಂಶ ತಿರುಗಿಸಿದರೆ ದೋಣಿ ಕಡೆಗೆ ಎಷ್ಟು ವೇಗದಿಂದ ಹೊರಳುತ್ತದೆ ಎಂಬುದು ಒಂದು. ಆ ವೇಗಕ್ಕೆ ಬರಲು ಎಷ್ಟು ಹೊತ್ತು ತಡಮಾಡುತ್ತದೆ ಎಂಬುದು ಇನ್ನೊಂದು. ಇವನ್ನು ತಿಳಿಯಲು ಜರ್ಮನಿಯ ಕೆಂಪ್ಫ್ ಸೂಚಿಸಿದ ಅಂಕುಡೊಂಕು ಪರೀಕ್ಷೆಯುಂಟು: ಚುಕ್ಕಾಣಿಯನ್ನು ಬಲಕ್ಕೆ 10 ಅಂಶ ತಿರುಗಿಸಿ, ಮೂತಿ 10 ಅಂಶ ಹೊರಳಿದೊಡನೆ ಎಡಕ್ಕೆ ಅಷ್ಟೇ ತಿರುಗಿಸಿ, ಮೂತಿ ಇನ್ನೂ ಎಷ್ಟು ಮೀರಿ ಹೋಗುತ್ತದೆಂದು ಅಳೆಯುವುದು.

ಎರಡನೆಯ ಸಂಖ್ಯೆಯೇ ಮೀನುಗಾರನಿಗೆ ಮುಖ್ಯವೆಂದು ನನ್ನ ಅಭಿಪ್ರಾಯ. 1970ರ ದಶಕದ ನಡುವೆ ಮಂಗಳೂರಿಗೆ ಪರ್ಸೀನ್ ಬಲೆ ಬಂದಿತು. ರಂಪಣಿಯನ್ನು ಹತ್ತಾರು ಜನ ದಡದಿಂದ ಎಳೆಯುತ್ತಿದ್ದರೆ, ಪರ್ಸೀನ್ ದೋಣಿ ಬಂಗುಡೆಯ ಹಿಂಡನ್ನು ತಾನೇ ಸುತ್ತಿ ಬಲೆಯ ಬಾಯಿ ಮುಚ್ಚಬೇಕು. ದೋಣಿ ತಡವಾಗಿ ಹೊರಳಿದರೆ ಮೀನು ಹೋಯಿತು. ಒಡಲು ಗಿಡ್ಡವೂ ಅಗಲವೂ ಆದಷ್ಟು ಮೂತಿ ನೇರ ನಿಲ್ಲುವುದು ಕಷ್ಟ. ಹಿಂಬದಿ ನೀರಿನಲ್ಲಿ ಹೆಚ್ಚು ಮುಳುಗಿದರೆ ದಾರಿ ನೇರ, ಹೊರಳುವುದು ನಿಧಾನ. ಆದುದರಿಂದ ಮಂಜುಗಡ್ಡೆ, ಡೀಸೆಲ್ ತುಂಬಿ ಹೊರಟ ದೋಣಿಯೂ ಮೀನು ಹೊತ್ತು ಮರಳುವ ದೋಣಿಯೂ ಚುಕ್ಕಾಣಿಯ ಮಟ್ಟಿಗೆ ಒಂದೇ ಅಲ್ಲ.

ಮರಳುವಾಗಲೇ ಅಳಿವೆಯನ್ನು ದಾಟಬೇಕು. ಹಿಂದಿನಿಂದ ಬರುವ ತೆರೆಯ ನೆತ್ತಿಯಲ್ಲಿ ನೀರು ದೋಣಿಯ ಜತೆಗೇ ಮುಂದೆ ಸಾಗುವುದರಿಂದ ಚುಕ್ಕಾಣಿಗೆ ತಾಗುವ ಹರಿವು ಕುಗ್ಗುತ್ತದೆ. ಬೇಕಾದ ಹೊತ್ತಿನಲ್ಲೇ ಅದಕ್ಕೆ ಹಿಡಿತವಿಲ್ಲ. ಹಿಂಬದಿ ಪಕ್ಕಕ್ಕೆ ಸರಿದು, ದೋಣಿ ತೆರೆಗೆ ಅಡ್ಡವಾಗಿ ಮಗುಚುವುದು ಹೀಗೆ. ನೊಮೊಟೊ ಸಮೀಕರಣ ಶಾಂತಜಲದ್ದು, ಇಲ್ಲಿ ಅದೊಂದೇ ಸಾಲದು. ದೊಡ್ಡ ತೆರೆಗಳು ದಾಟುವವರೆಗೆ ಹೊರಗೆ ಕಾಯುವ ತಾಂಡೇಲನ ಎಣಿಕೆಗೆ ಇಂದಿಗೂ ಬೆಲೆಯಿದೆ.

ಅಂತರರಾಷ್ಟ್ರೀಯ ಕಡಲ ಸಂಸ್ಥೆ 2002ರಲ್ಲಿ ಅಂಗೀಕರಿಸಿದ ತಿರುಗುವಿಕೆಯ ಮಾನಕಗಳು ಮುಖ್ಯವಾಗಿ 100 ಮೀಟರು ಮತ್ತು ಅದಕ್ಕೂ ಉದ್ದದ ಹಡಗುಗಳಿಗೆ ಸಂಬಂಧಿಸಿದವು. ಮಲ್ಪೆ, ಗಂಗೊಳ್ಳಿಗಳ ದೋಣಿಗಳು ಅದರ ಕಾಲುಭಾಗವೂ ಇಲ್ಲದವೇ ಹೆಚ್ಚು. ದಿಲ್ಲಿಯಲ್ಲಿ ಕುಳಿತು ಕಡಲ ಮಾತಾಡುವುದು ವಿಚಿತ್ರವೆನಿಸಬಹುದು; ಆದರೆ ದೋಣಿಗೆ ಸಾಲ ಕೊಡುವ ನಮ್ಮ ವೃತ್ತಿಯವರು ಉದ್ದ, ಅಶ್ವಶಕ್ತಿ, ಬೆಲೆ ಇಷ್ಟನ್ನೇ ಕೇಳಿ ಸುಮ್ಮನಾಗಬೇಕಿಲ್ಲ. ಅಂಕುಡೊಂಕು ಪರೀಕ್ಷೆಗೆ ಬೇಕಾದುದು ಒಂದು ದಿಕ್ಸೂಚಿ, ಒಂದು ಗಡಿಯಾರ, ಗಾಳಿಯಿಲ್ಲದ ಒಂದು ಬೆಳಗು. ಹೊಸ ದೋಣಿ ನೀರಿಗಿಳಿದ ವಾರದಲ್ಲಿ, ಖಾಲಿಯಾಗಿ ಒಮ್ಮೆ, ಭಾರ ತುಂಬಿ ಒಮ್ಮೆ ಇದನ್ನು ನಡೆಸಿ, ಬಂದ ಅಂಕಿಗಳನ್ನು ತಾಂಡೇಲನ ಕೈಗೆ ಕೊಡುವುದು ಶಕ್ಯ.